ಪ್ರತೀಕ್ಷಾಭಾವ ಸಿದ್ಧಿ ಅಥವಾ ಸಿಗ್ನಲ್‌ಗಾಗಿ ಯಾರೂ ಕಾಯುತ್ತಿಲ್ಲ ಎಂಬುದರ ನಿರೂಪಣೆ

ಶಾಸ್ತ್ರಗ್ರಂಥ ಬರೆಯಹೊರಟವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನೂ ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಹೇಳಿಬಿಡೋಣ. ಈ ಗ್ರಂಥದ ವಿಷಯ, ಬಳಕೆದಾರ ಮಟ್ಟದ ಥ್ರೆಡ್ ಲೈಬ್ರರಿಯಲ್ಲಿ ಒಂದು ಥ್ರೆಡ್ ಯುನಿಕ್ಸ್ ಸಿಗ್ನಲ್‌ಗಾಗಿ ಕಾಯುವುದು. ಪ್ರಯೋಜನ, ಅದು ಕಾಯುತ್ತಿಲ್ಲವೆಂದು ಮನಗಾಣುವುದು. ಪ್ರಯೋಜನವು ವಿಷಯವನ್ನೇ ನುಂಗಿಹಾಕುವುದರಿಂದ ಇವೆರಡರ ನಡುವಿನ ಸಂಬಂಧ ಭಕ್ಷ್ಯ-ಭಕ್ಷಕ ಸಂಬಂಧ. ಇನ್ನು ಅಧಿಕಾರಿ: ಓಡುತ್ತಿರುವ ಪ್ರೋಗ್ರಾಮನ್ನು ನಿಲ್ಲಿಸಲೆಂದು ಕಂಟ್ರೋಲ್-ಸಿ ಒತ್ತಿ, ಅದು ಕಿವಿಗೆ ಹಾಕಿಕೊಳ್ಳದಿದ್ದಾಗ ಮತ್ತೊಮ್ಮೆ ಒತ್ತಿ, ಮೂರನೆಯ ಸಲ ಹಲ್ಲು ಕಚ್ಚಿ ಒತ್ತಿದವರು ಯಾರೇ ಆಗಲಿ, ಇದನ್ನು ಓದಲು ಅರ್ಹರು. ಜೋರಾಗಿ ಒತ್ತಿದರೆ ಜೋರಾದ ಸಿಗ್ನಲ್ ಹೋಗುವುದಿಲ್ಲವೆಂಬ ಅರಿವು ಮೊದಲೇ ಇರಬೇಕೆಂದೇನಿಲ್ಲ. ಅದು ಮುಂದಿನ ಪ್ಯಾರಾದಲ್ಲೇ ಸಿಗುತ್ತದೆ.

ಸಿಗ್ನಲ್ ಎಂದರೆ ಕರ್ನಲ್ ಒಂದು ಪ್ರೊಸೆಸ್‌ಗೆ ಮುಟ್ಟಿಸುವ ಒಂದು ಸಂಖ್ಯೆ. ಕಂಟ್ರೋಲ್-ಸಿ ಒತ್ತಿದರೆ 2, ಇಟ್ಟ ಅಲಾರಂ ಬಡಿದರೆ 14, ಮರ್ಯಾದೆಯಿಂದ ಮುಗಿಸೆಂದು ಹೇಳಬೇಕಾದರೆ 15, ತನ್ನದಲ್ಲದ ಮೆಮೊರಿಗೆ ಕೈಹಾಕಿ ಸಿಕ್ಕಿಬಿದ್ದರೆ 11, ಮಾತುಕತೆಯಿಲ್ಲದೆ ಕೊಲ್ಲಬೇಕಾದರೆ 9. ಬಂದ ಸಿಗ್ನಲನ್ನು ಪ್ರೊಸೆಸ್ ತಡೆಹಿಡಿದಿದ್ದರೆ ಕರ್ನಲ್ ಅದರ ಪಾಲಿನ ಒಂದೇ ಒಂದು ಬಿಟ್ ಏರಿಸಿ, ಬಾಕಿ ಇದೆಯೆಂದು ಗುರುತು ಮಾಡಿಕೊಳ್ಳುತ್ತದೆ. ಆಮೇಲೆ ಅದೇ ಸಿಗ್ನಲ್ ಇನ್ನೂ ಒಂಬತ್ತು ಸಲ ಬಂದರೂ ಏರಿದ ಬಿಟ್ ಏರಿಯೇ ಇರುತ್ತದೆ. ಹತ್ತು ಸಲ ಒತ್ತಿದವನಿಗೂ ಒಂದೇ ಸಲ ಒತ್ತಿದವನಿಗೂ ಫಲ ಸಮಾನ. ಲೆಕ್ಕ ತಪ್ಪದೆ ಸಾಲಾಗಿ ನಿಲ್ಲುವ ರಿಯಲ್-ಟೈಮ್ ಸಿಗ್ನಲ್‌ಗಳು ಬೇರೆ ಇವೆ, ಆದರೆ ಕೀಬೋರ್ಡಿನಲ್ಲಿ ಅವಕ್ಕೆ ಕೀಲಿಯಿಲ್ಲ. 1979ರ ಯುನಿಕ್ಸ್ ಏಳನೆಯ ಆವೃತ್ತಿಯಲ್ಲಿ ಸ್ಥಿತಿ ಇನ್ನೂ ಘೋರವಾಗಿತ್ತು. ಸಿಗ್ನಲ್ ಬಂದಾಗ ಓಡಲೆಂದು ಪ್ರೊಸೆಸ್ ನೇಮಿಸಿಟ್ಟ ಹ್ಯಾಂಡ್ಲರ್ ಒಮ್ಮೆ ಓಡಲು ಶುರುವಾದೊಡನೆ ಅದರ ನೇಮಕ ರದ್ದಾಗುತ್ತಿತ್ತು. ಮರುನೇಮಕವಾಗುವ ಮುನ್ನ ಎರಡನೆಯ ಸಿಗ್ನಲ್ ಬಂದರೆ ಪ್ರೊಸೆಸ್ ಅಲ್ಲೇ ಮಟಾಷ್. 1983ರ 4.2 ಬಿಎಸ್‌ಡಿ ಇದನ್ನು ಸರಿಪಡಿಸಿತು, 1988ರ ಪೋಸಿಕ್ಸ್ ಮಾನದಂಡ ಅದಕ್ಕೆ ಮುದ್ರೆ ಒತ್ತಿತು. ಕಾಯಲೆಂದೇ ಇದ್ದ ಹಳೆಯ ಪಾಸ್ ಎಂಬ ಕರೆಯ ಕತೆಯೂ ಇಂಥದೇ: ಸಿಗ್ನಲ್ ಬಂದಿದೆಯೇ ಎಂದು ನೋಡಿ, ಬಂದಿಲ್ಲವೆಂದು ಖಾತ್ರಿ ಮಾಡಿಕೊಂಡು ಮಲಗುವುದರೊಳಗಿನ ಕೂದಲೆಳೆಯಷ್ಟು ಹೊತ್ತಿನಲ್ಲಿ ಅದು ಬಂದುಹೋದರೆ, ಮಲಗಿದವನು ಮತ್ತೆ ಏಳುವುದಿಲ್ಲ. ಯಾವ ಸಿಗ್ನಲ್‌ಗಳಿಗೆ ತಡೆ ಎಂಬ ಪಟ್ಟಿಯಾದ ಮಾಸ್ಕ್ ಬದಲಿಸುವುದನ್ನೂ ಮಲಗುವುದನ್ನೂ ಒಂದೇ ಏಟಿಗೆ ಮಾಡುವ ಸಿಗ್‌ಸಸ್ಪೆಂಡ್ ಬಂದದ್ದು ಅದಕ್ಕಾಗಿ. ಸಿಗ್ನಲ್ ಕಾಯುವಿಕೆಯ ಚರಿತ್ರೆ ಶುರುವಾಗುವುದೇ ಬಂದು ಹೋದದ್ದಕ್ಕಾಗಿ ಕಾದವರಿಂದ ಎಂಬುದನ್ನು ಓದುಗರು ಗಮನಿಸಬೇಕು.

1995ರಲ್ಲಿ ಪೋಸಿಕ್ಸ್‌ನವರು ಥ್ರೆಡ್‌ಗಳನ್ನು ಮಾನದಂಡಕ್ಕೆ ಸೇರಿಸಿಕೊಂಡಾಗ ಸಿಗ್‌ವೇಟ್ ಎಂಬ ಕರೆಯನ್ನೂ ಕೊಟ್ಟರು. ಅದರ ಲಕ್ಷಣ ಹೀಗೆ: ಥ್ರೆಡ್ ತನಗೆ ಬೇಕಾದ ಸಿಗ್ನಲ್‌ಗಳ ಗಣವೊಂದನ್ನು ಒಪ್ಪಿಸುತ್ತದೆ, ಅವುಗಳಲ್ಲಿ ಒಂದು ಬಂದಾಗ ಕರೆ ಹಿಂದಿರುಗಿ, ಬಂದದ್ದು ಯಾವುದೆಂದು ತಿಳಿಸುತ್ತದೆ. ಕಾಯುವ ಮುನ್ನ ಆ ಸಿಗ್ನಲ್‌ಗಳನ್ನು ತಡೆಹಿಡಿದಿರಲೇಬೇಕು; ಇಲ್ಲವಾದರೆ ಫಲ ಏನೆಂದು ಹೇಳಲಾಗದು. ಒಂದೇ ಸಿಗ್ನಲ್‌ಗಾಗಿ ಇಬ್ಬರು ಕಾದಿದ್ದರೆ ಒಬ್ಬನಿಗೆ ಮಾತ್ರ ಸಿಗುತ್ತದೆ, ಯಾವ ಒಬ್ಬನಿಗೆ ಎಂಬ ಹೊಣೆಯನ್ನು ಮಾನದಂಡ ಹೊರುವುದಿಲ್ಲ. ಇದಿಷ್ಟು ಶ್ರುತಿ. ಈ ಶ್ರುತಿಗೆ ಅರ್ಥ ಹಚ್ಚುವಲ್ಲಿ ಮೂರು ಮತಗಳಾದವು. ಥ್ರೆಡ್‌ಗಳನ್ನೆಲ್ಲ ಪ್ರೊಸೆಸ್ ಒಳಗೇ, ಕರ್ನಲ್‌ಗೆ ಸುಳಿವು ಕೊಡದೆ ಸಾಕುವುದು ಮೊದಲ ಮತ. ಅಲ್ಲಿ ಥ್ರೆಡ್‌ಗಳು ಎಷ್ಟೇ ಇರಲಿ, ಕರ್ನಲ್ ಬಲ್ಲದ್ದು ಒಂದೇ ಪ್ರೊಸೆಸ್, ಅನೇಕವೆಲ್ಲ ತೋರಿಕೆ, ಏಕವೊಂದೇ ಸತ್ಯ, ಇದು ಅದ್ವೈತ. ಪ್ರತಿ ಥ್ರೆಡ್‌ಗೂ ಕರ್ನಲ್‌ನಲ್ಲಿ ಒಂದು ಪ್ರತ್ಯೇಕ ಅಸ್ತಿತ್ವ ಕೊಡುವುದು ದ್ವೈತ. ಹಲವು ಥ್ರೆಡ್‌ಗಳನ್ನು ಕೆಲವೇ ಕರ್ನಲ್ ಘಟಕಗಳ ಮೇಲೆ ಹೊಂದಿಸಿ, ಭೇದವೂ ಉಂಟು ಅಭೇದವೂ ಉಂಟು ಎನ್ನುವುದು ವಿಶಿಷ್ಟಾದ್ವೈತ. ಅಧಿಕರಣ ನಡೆಯಬೇಕಾದದ್ದು ಮೊದಲ ಮತದ ಮನೆಯಲ್ಲಿ. ಮಿಕ್ಕೆರಡು ಮತದವರು ಆಕ್ಷೇಪ ಎತ್ತುವ ಸರದಿ ಬಂದಾಗ ಒಳಗೆ ಬರುತ್ತಾರೆ.

ಮೊದಲ ಮತದ ಪ್ರಮಾಣಗ್ರಂಥವಾಗಿ ಗ್ನೂ ಪಿಟಿಎಚ್ ಎಂಬ ಲೈಬ್ರರಿಯನ್ನು ಎತ್ತಿಕೊಳ್ಳೋಣ. ರಾಲ್ಫ್ ಎಂಗೆಲ್‌ಷಾಲ್ 1999ರಲ್ಲಿ ಹೊರತಂದ ಇದು ಎಲ್ಲ ಬಗೆಯ ಯುನಿಕ್ಸ್ ಮೇಲೂ ಓಡಬೇಕೆಂಬ ಹಟದಿಂದ ಹುಟ್ಟಿದ್ದು. ಗ್ನೂಪಿಜಿಯ ಏಜೆಂಟ್ ಬಹುಕಾಲ ಇದರ ಆಸರೆಯಲ್ಲೇ ಬದುಕಿತ್ತು. ಇಲ್ಲಿ ಥ್ರೆಡ್‌ನ ಇಡೀ ಸಂಸಾರ ಐದು ಸರತಿಗಳಲ್ಲಿ ಮುಗಿಯುತ್ತದೆ: ಹೊಸತು, ಸಿದ್ಧ, ಕಾಯುತ್ತಿರುವ, ಅಮಾನತಾದ, ಸತ್ತ. ಒಬ್ಬರನ್ನೊಬ್ಬರು ಬಲವಂತವಾಗಿ ಎಬ್ಬಿಸುವ ಪದ್ಧತಿ ಇಲ್ಲಿಲ್ಲ. ಓಡುತ್ತಿರುವ ಥ್ರೆಡ್ ತಾನಾಗಿ ಬಿಟ್ಟುಕೊಟ್ಟರೆ ಮಾತ್ರ ಷೆಡ್ಯೂಲರ್ ಇನ್ನೊಂದನ್ನು ಓಡಿಸುತ್ತದೆ. ಈಗ ಸಂಶಯ. ಅ ಎಂಬ ಥ್ರೆಡ್ ಸಿಗ್‌ವೇಟ್ ಕರೆದಿದೆ. ಆ, ಇ, ಈ ಎಂಬವು ಬೇರೆ ಕೆಲಸದಲ್ಲಿವೆ. ಈಗ ಕಾಯುತ್ತಿರುವವರು ಯಾರು? ಅ ಎಂಬುದು ಪೂರ್ವಪಕ್ಷ. ಕಾಯುತ್ತೇನೆಂದು ಕರೆದದ್ದು ಅದು, ಸಿಗ್ನಲ್ ಬಂದಾಗ ಉತ್ತರ ಪಡೆಯುವುದೂ ಅದೇ, ಆದ್ದರಿಂದ ನಡುವೆ ಕಾದದ್ದೂ ಅದೇ. ಶಬರಿ ಕಾದಳು ಎಂದರೆ ಶಬರಿಯೇ ಕಾದಳು. ಅವಳ ಪರವಾಗಿ ಇನ್ನೊಬ್ಬರು ಕಾದರೆಂದು ಯಾವ ರಾಮಾಯಣದಲ್ಲೂ ಇಲ್ಲ ಎಂದು ಪೂರ್ವಪಕ್ಷಿ ಅಡ್ಡಪಟ್ಟು ಹಾಕುತ್ತಾನೆ.

ಈ ಪಕ್ಷವನ್ನು ಒಪ್ಪಿಕೊಂಡರೆ ಆಗುವ ಅನಾಹುತವನ್ನು ನೋಡಿ. ಅ ನಿಜವಾಗಿಯೂ ಕಾಯಬೇಕೆಂದರೆ ಅದು ಕರ್ನಲ್‌ನ ಸಿಗ್‌ಸಸ್ಪೆಂಡನ್ನೋ ಕರ್ನಲ್ ಮಟ್ಟದ ಸಿಗ್‌ವೇಟನ್ನೋ ಕರೆಯಬೇಕು. ಕರ್ನಲ್‌ಗೆ ಅ ಯಾರೆಂದೇ ಗೊತ್ತಿಲ್ಲ. ಅದು ಇಡೀ ಪ್ರೊಸೆಸನ್ನು ಮಲಗಿಸುತ್ತದೆ. ಆ, ಇ, ಈ ಮೂವರೂ ಕೈಯಲ್ಲಿದ್ದ ಕೆಲಸ ಅಲ್ಲಲ್ಲೇ ಬಿಟ್ಟು ಮಲಗುತ್ತಾರೆ. ಒಂದು ವೇಳೆ ಅ ಕಾಯುತ್ತಿರುವ ಸಿಗ್ನಲ್ ಇ ಕಳಿಸಬೇಕಾದದ್ದೇ ಆಗಿದ್ದರೆ ಕತೆ ಅಲ್ಲಿಗೆ ಮುಗಿಯಿತು: ಇ ಏಳಬೇಕಾದರೆ ಸಿಗ್ನಲ್ ಬರಬೇಕು, ಸಿಗ್ನಲ್ ಬರಬೇಕಾದರೆ ಇ ಏಳಬೇಕು, ಅನ್ಯೋನ್ಯಾಶ್ರಯ ದೋಷಕ್ಕೆ ಇದಕ್ಕಿಂತ ಶುದ್ಧವಾದ ಉದಾಹರಣೆ ತರ್ಕಗ್ರಂಥಗಳಲ್ಲಿ ಸಿಗುವುದು ಕಷ್ಟ. ಹಾಗಾಗಿ ಈ ಲೋಕದಲ್ಲಿ ಪ್ರಾಮಾಣಿಕವಾಗಿ ಕಾಯುವವನು ಮನೆಮಂದಿಯನ್ನೆಲ್ಲ ಮುಳುಗಿಸುತ್ತಾನೆ. ಕಾಯುವ ನಟನೆ ಮಾಡುವವನಿಂದ ಮಾತ್ರ ಸಂಸಾರ ನಡೆಯುತ್ತದೆ. ಇದೇ ನಮ್ಮ ಸಿದ್ಧಾಂತ: ಬಳಕೆದಾರ ಮಟ್ಟದ ಲೈಬ್ರರಿಯಲ್ಲಿ ಯಾವ ಥ್ರೆಡ್ಡೂ ಸಿಗ್ನಲ್‌ಗಾಗಿ ಕಾಯುವುದಿಲ್ಲ; ಕಾಯುತ್ತಿದೆ ಎಂಬ ನಮೂದು ಇರುತ್ತದೆ, ಅಷ್ಟೆ. ಪೂರ್ವಪಕ್ಷಿ ಶಬರಿಯನ್ನು ಮುಂದಿಟ್ಟರೆ ನಾವು ಜನಪದರ ಊರ್ಮಿಳೆಯನ್ನು ಮುಂದಿಡುತ್ತೇವೆ. ಗಂಡನಿಗಾಗಿ ಹದಿನಾಲ್ಕು ವರ್ಷ ಕಾದವಳೆಂದು ಹೆಸರಾದವಳು ಆ ಕಾಲವನ್ನೆಲ್ಲ ಕಳೆದದ್ದು ನಿದ್ದೆಯಲ್ಲಿ. ಎಚ್ಚರವಿದ್ದದ್ದು ದೂರದ ಕಾಡಿನಲ್ಲಿ ಲಕ್ಷ್ಮಣ, ಇಬ್ಬರ ಪಾಲಿನ ಎಚ್ಚರವನ್ನೂ ಹೊತ್ತುಕೊಂಡು. ಥ್ರೆಡ್ ಊರ್ಮಿಳೆ, ಷೆಡ್ಯೂಲರ್ ಲಕ್ಷ್ಮಣ.

ಈ ಮಾತಿಗೆ ಪ್ರಮಾಣವನ್ನು ಪಿಟಿಎಚ್‌ನ ಒಳಮನೆಯಿಂದಲೇ ತರಬಹುದು. ಥ್ರೆಡ್ ಸಿಗ್‌ವೇಟ್ ಕರೆದೊಡನೆ ಲೈಬ್ರರಿ ಮೊದಲು ಬಾಕಿ ಸಿಗ್ನಲ್‌ಗಳಲ್ಲಿ ಬೇಕಾದದ್ದೇನಾದರೂ ಇದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ಸಿಗ್ನಲ್ ಗಣದ ಹೆಸರಿನಲ್ಲಿ ಒಂದು ಘಟನೆಯನ್ನು ಬರೆದು, ಥ್ರೆಡ್‌ನ ಕೊರಳಿಗೆ ಕಟ್ಟಿ, ಕಾಯುವವರ ಸರತಿಗೆ ತಳ್ಳುತ್ತದೆ. ಅಲ್ಲಿಗೆ ಥ್ರೆಡ್‌ನ ಪಾತ್ರ ಮುಗಿಯಿತು. ಷೆಡ್ಯೂಲರ್ ಆ ಸರತಿಯ ಎಲ್ಲರ ಕೊರಳ ಚೀಟಿಗಳನ್ನೂ ಓದಿಕೊಂಡು, ಯಾರಿಗೆ ಯಾವ ಸಿಗ್ನಲ್, ಯಾರಿಗೆ ಯಾವ ಕಡತದಿಂದ ಓದು, ಯಾರಿಗೆ ಎಷ್ಟು ಹೊತ್ತಿಗೆ ಗಂಟೆ ಎಂದು ಎಲ್ಲರ ಬೇಡಿಕೆಗಳನ್ನೂ ಒಂದೇ ಪಟ್ಟಿ ಮಾಡುತ್ತದೆ. ಆಮೇಲೆ ಬೇಕಾದ ಸಿಗ್ನಲ್‌ಗಳಿಗಿದ್ದ ಹಳೆಯ ಹ್ಯಾಂಡ್ಲರ್‌ಗಳನ್ನು ತಾತ್ಕಾಲಿಕವಾಗಿ ಇಳಿಸಿ ತನ್ನದೊಂದನ್ನು ಕೂರಿಸಿ, ಆ ಸಿಗ್ನಲ್‌ಗಳಿಗೆ ತಡೆ ಸಡಿಲಿಸಿ, ಸೆಲೆಕ್ಟ್ ಎಂಬ ಒಂದೇ ಕರೆಯಲ್ಲಿ ಎಲ್ಲರ ಪರವಾಗಿ ಮಲಗುತ್ತದೆ. ಕೂರಿಸಿದ ಹ್ಯಾಂಡ್ಲರ್ ಮಾಡುವ ಕೆಲಸ ಎರಡೇ: ಬಂದ ಸಿಗ್ನಲ್‌ನ ಹೆಸರನ್ನು ಒಂದು ಗಣದಲ್ಲಿ ಗುರುತು ಹಾಕುವುದು, ಮತ್ತು ಒಂದು ಪೈಪಿನ ಬಾಯಿಗೆ ಒಂದೇ ಒಂದು ಬೈಟ್ ಬರೆಯುವುದು. ಆ ಪೈಪಿನ ಇನ್ನೊಂದು ತುದಿಯೂ ಸೆಲೆಕ್ಟ್ ಕಾವಲು ಕಾಯುತ್ತಿರುವ ಪಟ್ಟಿಯಲ್ಲಿರುವುದರಿಂದ, ತಡೆ ಸಡಿಲಿಸಿದ್ದಕ್ಕೂ ಮಲಗಿದ್ದಕ್ಕೂ ನಡುವೆ ಸಿಗ್ನಲ್ ಬಂದುಹೋದರೂ ನಷ್ಟವಿಲ್ಲ. ಬೈಟ್ ಪೈಪಿನಲ್ಲಿ ಬಿದ್ದಿರುತ್ತದೆ, ಸೆಲೆಕ್ಟ್ ಮಲಗಿದಂತೆ ಮಾಡಿ ತಕ್ಷಣ ಏಳುತ್ತದೆ. ಪ್ರೊಸೆಸ್ ತನಗೆ ತಾನೇ ಕಾಗದ ಹಾಕಿಕೊಳ್ಳುವ ಈ ಉಪಾಯಕ್ಕೆ ಸೆಲ್ಫ್-ಪೈಪ್ ಎಂದು ಹೆಸರು. 1990ರ ಸುಮಾರಿಗೆ ಇದನ್ನು ಹೇಳಿಕೊಟ್ಟದ್ದು ಡಿ. ಜೆ. ಬರ್ನ್‌ಸ್ಟೈನ್. ಸೆಲೆಕ್ಟ್ ಎದ್ದ ಮೇಲೆ ಹಳೆಯ ಹ್ಯಾಂಡ್ಲರ್‌ಗಳೂ ಹಳೆಯ ಮಾಸ್ಕೂ ಸ್ವಸ್ಥಾನಕ್ಕೆ ಮರಳುತ್ತವೆ, ಅ ಥ್ರೆಡ್‌ಗೆ ಬಂದ ಸಂಖ್ಯೆಯನ್ನು ಬರೆದುಕೊಟ್ಟು ಸಿದ್ಧರ ಸರತಿಗೆ ದಾಟಿಸಲಾಗುತ್ತದೆ. ಎಚ್ಚೆತ್ತ ಅ ತಾನು ಇಷ್ಟು ಹೊತ್ತೂ ಕಾದೆನೆಂದೇ ತಿಳಿಯುತ್ತದೆ; ಇದನ್ನು ಅಧ್ಯಾಸವೆಂದು ಕರೆಯದೆ ಬೇರೆ ದಾರಿಯಿಲ್ಲ.

ಸಿಗ್ನಲ್ ಮೊದಲೇ ಬಂದು ಬಾಕಿ ಕುಳಿತಿರುವ ಪ್ರಸಂಗ ಇನ್ನೂ ಸೂಕ್ಷ್ಮವಾದದ್ದು. ಅಲ್ಲಿ ಕಾಯುವ ಮಾತೇ ಇಲ್ಲ. ಬಾಕಿಯನ್ನು ತೀರಿಸಿ ಸಂಖ್ಯೆ ತಿಳಿಸಿದರೆ ಸಾಕು. ಆದರೆ ತಡೆಹಿಡಿದ ಸಿಗ್ನಲ್ಲೊಂದನ್ನು ಬಾಕಿ ಪಟ್ಟಿಯಿಂದ ಸುಮ್ಮನೆ ಅಳಿಸಿಹಾಕುವ ಕರೆಯೊಂದನ್ನು ಹಳೆಯ ಯುನಿಕ್ಸ್‌ಗಳು ಕೊಟ್ಟಿರಲಿಲ್ಲ. ಆದ್ದರಿಂದ ಪಿಟಿಎಚ್ ಒಂದು ಶಾಂತಿಕರ್ಮವನ್ನು ವಿಧಿಸಿಕೊಂಡಿದೆ. ಆ ಸಿಗ್ನಲನ್ನು ತಡೆಹಿಡಿದಿದೆಯೆಂದು ಮತ್ತೊಮ್ಮೆ ಖಾತ್ರಿ ಮಾಡಿಕೊಳ್ಳುವುದು. ಒಳಗೆ ಒಂದು ಸಾಲೂ ಇಲ್ಲದ, ಏನನ್ನೂ ಮಾಡದ ಹ್ಯಾಂಡ್ಲರನ್ನು ಅದಕ್ಕೆ ನೇಮಿಸುವುದು. ಆ ಸಿಗ್ನಲ್ ಬಿಟ್ಟು ಮಿಕ್ಕೆಲ್ಲವನ್ನೂ ತಡೆದು ಸಿಗ್‌ಸಸ್ಪೆಂಡ್‌ನಲ್ಲಿ ಮಲಗುವುದು. ಬಾಕಿಯಿದ್ದ ಸಿಗ್ನಲ್ ಆ ಕ್ಷಣವೇ ಇಳಿದುಬಂದು, ಏನೂ ಮಾಡದ ಹ್ಯಾಂಡ್ಲರ್ ಕೈಯಲ್ಲಿ ಸದ್ಗತಿ ಪಡೆಯುವುದು. ಕೊನೆಗೆ ಎಲ್ಲವನ್ನೂ ಮೊದಲಿನಂತೆ ಜೋಡಿಸುವುದು. ಇಡೀ ಲೈಬ್ರರಿಯಲ್ಲಿ ಸಿಗ್ನಲ್‌ಗಾಗಿಯೇ ಕರ್ನಲ್‌ನಲ್ಲಿ ಮಲಗುವ ಜಾಗ ಹುಡುಕಿದರೆ ಸಿಗುವುದು ಇಂಥ ಕಡೆ. ಅಲ್ಲಿ ಕಾಯುವುದು ಆಗಲೇ ಬಂದಾಗಿರುವ ಸಿಗ್ನಲ್‌ಗಾಗಿ, ಅದೂ ಅದನ್ನು ಇಲ್ಲವಾಗಿಸಲಿಕ್ಕಾಗಿ. ಬಾರದ ಸಿಗ್ನಲ್‌ಗಾಗಿ ಕಾಯುವವರಿಲ್ಲ, ಬಂದ ಸಿಗ್ನಲ್‌ಗಾಗಿ ಕಾಯುವವರಿದ್ದಾರೆ ಎಂಬ ಈ ವಿಪರೀತ ನ್ಯಾಯವನ್ನು ಸಿದ್ಧಾಂತದ ಉಪಪತ್ತಿಯಾಗಿ ಸ್ವೀಕರಿಸಬೇಕು.

ಇನ್ನೂ ಹಿಂದಕ್ಕೆ, ಜನನದ ಹಂತಕ್ಕೆ ಹೋದರೆ ಪ್ರಮಾಣ ಮತ್ತಷ್ಟು ಗಟ್ಟಿಯಾಗುತ್ತದೆ. ಹೊಸ ಥ್ರೆಡ್‌ಗೆ ತನ್ನದೇ ಸ್ಟಾಕ್ ಬೇಕು. ಆದರೆ ಆ ಸ್ಟಾಕ್ ಮೇಲೆ ಪ್ರೊಸೆಸ್ಸರನ್ನು ಕೂರಿಸುವ ಸೌಕರ್ಯ ಎಲ್ಲ ಯುನಿಕ್ಸ್‌ಗಳಲ್ಲೂ ಇರಲಿಲ್ಲ. ಇಲ್ಲದ ಕಡೆ ಏನು ಮಾಡಬೇಕೆಂಬುದನ್ನು ಎಂಗೆಲ್‌ಷಾಲ್ 2000ದ ಯೂಸ್‌ನಿಕ್ಸ್ ಸಮ್ಮೇಳನದ ಪ್ರಬಂಧದಲ್ಲಿ ವಿವರಿಸಿದ್ದಾರೆ. ಸಿಗ್ನಲ್ ಹ್ಯಾಂಡ್ಲರ್ ಬೇರೊಂದು ಸ್ಟಾಕ್ ಮೇಲೆ ಓಡಲೆಂದು ಯುನಿಕ್ಸ್ ಕೊಟ್ಟಿರುವ ಅನುಕೂಲವನ್ನು ಹಿಡಿದು, ಹುಟ್ಟಲಿರುವ ಥ್ರೆಡ್‌ನ ಸ್ಟಾಕನ್ನೇ ಸಿಗ್ನಲ್ ಸ್ಟಾಕ್ ಎಂದು ನೋಂದಾಯಿಸಿ, ಪ್ರೊಸೆಸ್ ತನಗೆ ತಾನೇ ಸಿಗ್‌ಯೂಸರ್1 ಸಿಗ್ನಲ್ ಕಳಿಸಿಕೊಂಡು, ಅದು ಬರುವವರೆಗೆ ಸಿಗ್‌ಸಸ್ಪೆಂಡ್‌ನಲ್ಲಿ ಮಲಗುತ್ತದೆ. ಸಿಗ್ನಲ್ ಬಂದು ಹ್ಯಾಂಡ್ಲರ್ ಹೊಸ ಸ್ಟಾಕ್ ಮೇಲೆ ಓಡಿ, ಆ ಸ್ಥಿತಿಯನ್ನು ಸೆಟ್‌ಜಂಪ್‌ನಲ್ಲಿ ಹಿಡಿದಿಟ್ಟುಕೊಂಡು ಹಿಂದಿರುಗುತ್ತದೆ. ಹೀಗೆ ಹಿಡಿದಿಟ್ಟ ಸ್ಥಿತಿಯೇ ಮುಂದೆ ಥ್ರೆಡ್ ಎನಿಸಿಕೊಳ್ಳುವುದು. ಅಂದರೆ ತನ್ನ ಜನ್ಮಕ್ಕೆ ಕಾರಣವಾದ ಸಿಗ್ನಲ್‌ಗಾಗಿಯೂ ಥ್ರೆಡ್ ಕಾಯಲಿಲ್ಲ. ಆಗಿನ್ನೂ ಅದು ಹುಟ್ಟಿರಲಿಲ್ಲ.

ಇನ್ನು ಆಕ್ಷೇಪಗಳು. ಮೊದಲನೆಯವನು ಹ್ಯಾಂಡ್ಲರ್‌ವಾದಿ. ಕಾಯುವ, ಕಾಯದ ಈ ಜಂಜಾಟವೇ ಬೇಡ, ಸಿಗ್ನಲ್ ಬಂದಾಗ ಹ್ಯಾಂಡ್ಲರ್ ಓಡುತ್ತದೆ, ಕೆಲಸವನ್ನೆಲ್ಲ ಅಲ್ಲೇ ಮಾಡಿ ಕೈತೊಳೆದುಕೊಳ್ಳಬಾರದೇಕೆ ಎನ್ನುತ್ತಾನೆ. ಇವನಿಗೆ ಮಡಿಯ ನಿಯಮಗಳು ಗೊತ್ತಿಲ್ಲ. ಹ್ಯಾಂಡ್ಲರ್ ಎಲ್ಲಿ ಬೇಕಾದರೂ ನುಗ್ಗಬಹುದು. ಮೆಮೊರಿ ಹಂಚುವ ಮ್ಯಾಲಾಕ್ ತನ್ನ ಲೆಕ್ಕಪತ್ರವನ್ನು ಅರ್ಧ ತಿದ್ದಿರುವಾಗಲೇ ನುಗ್ಗಬಹುದು. ಅಂಥ ಹೊತ್ತಿನಲ್ಲಿ ಅದೇ ಹ್ಯಾಂಡ್ಲರ್ ಮತ್ತೆ ಮ್ಯಾಲಾಕ್ ಕರೆದರೆ ಕೆಟ್ಟಂತೆಯೇ. ಆದ್ದರಿಂದ ಹ್ಯಾಂಡ್ಲರ್ ಒಳಗೆ ಮುಟ್ಟಬಹುದಾದ ಕರೆಗಳ ಪಟ್ಟಿಯೊಂದನ್ನು ಪೋಸಿಕ್ಸ್ ಕೊಟ್ಟಿದೆ. ಮ್ಯಾಲಾಕ್ ಅದರಲ್ಲಿಲ್ಲ, ಪ್ರಿಂಟ್‌ಎಫ್ ಇಲ್ಲ, ಮ್ಯೂಟೆಕ್ಸ್ ಹಿಡಿಯುವ ಕರೆಯೂ ಇಲ್ಲ. ಬೈಟ್ ಬರೆಯುವ ರೈಟ್ ಇದೆ. ಹಿಂದಿರುಗುವ ಮುನ್ನ ದೋಷಸಂಖ್ಯೆ ಇಡುವ ಎರ್ರ್‌ನೋವನ್ನು ಮೊದಲಿದ್ದಂತೆಯೇ ಬಿಟ್ಟುಹೋಗುವುದು ಶಿಷ್ಟಾಚಾರ. ಈ ಕಟ್ಟುಪಾಡುಗಳನ್ನೆಲ್ಲ ಪಾಲಿಸಿದ ಮೇಲೆ ಉಳಿಯುವುದು ಒಂದು ಗುರುತು ಹಾಕುವುದು, ಒಂದು ಬೈಟ್ ಬರೆಯುವುದು. ಅದನ್ನೇ ಪಿಟಿಎಚ್ ಮಾಡುತ್ತಿರುವುದು. ಹ್ಯಾಂಡ್ಲರ್‌ವಾದಿ ಸುತ್ತಿ ಸುತ್ತಿ ನಮ್ಮ ಅಂಗಳಕ್ಕೇ ಬಂದು ನಿಂತಿದ್ದಾನೆ. ಕೂರಲು ಮಣೆ ಹಾಕಿ ಮುಂದೆ ಹೋಗೋಣ.

ಎರಡನೆಯವನು ಅನುಭವವಾದಿ. ಲೋಕದಲ್ಲಿ ಥ್ರೆಡ್ ಕಾಯುವುದನ್ನು ಕಣ್ಣಾರೆ ಕಾಣುತ್ತೇವಲ್ಲ, ಪ್ರತ್ಯಕ್ಷಕ್ಕಿಂತ ದೊಡ್ಡ ಪ್ರಮಾಣವುಂಟೇ ಎನ್ನುತ್ತಾನೆ. ಇವನಿಗೆ ಒಂದು ಪ್ರಯೋಗ ಸಾಕು. ಅ ಥ್ರೆಡ್ ಸಿಗ್‌ವೇಟ್‌ನಲ್ಲಿರಲಿ. ‘ಆ’ ಎಂಬ ಥ್ರೆಡ್ ಯಾವ ಕರೆಯನ್ನೂ ಮಾಡದೆ, ಎಲ್ಲಿಯೂ ಬಿಟ್ಟುಕೊಡದೆ ದೊಡ್ಡದೊಂದು ಲೆಕ್ಕ ಹಾಕುತ್ತಾ ಕೂರಲಿ. ಈಗ ಕಂಟ್ರೋಲ್-ಸಿ ಒತ್ತಿದರೆ ಸಿಗ್ನಲ್ ಬಾಕಿಯಾಗಿ ಕೂರುತ್ತದೆ, ಅ ಏಳುವುದಿಲ್ಲ. ‘ಆ’ ತನ್ನ ಲೆಕ್ಕ ಮುಗಿಸಿ ಷೆಡ್ಯೂಲರ್‌ಗೆ ದಾರಿ ಬಿಟ್ಟಾಗಲೇ ಅ ಥ್ರೆಡ್‌ಗೆ ಸುದ್ದಿ ಮುಟ್ಟುವುದು. ಅ ನಿಜಕ್ಕೂ ಸಿಗ್ನಲ್‌ಗಾಗಿ ಕಾದಿದ್ದರೆ ಸಿಗ್ನಲ್ ಬಂದಾಗ ಏಳಬೇಕಿತ್ತು. ಅದು ಎದ್ದದ್ದು ‘ಆ’ ಬಿಟ್ಟುಕೊಟ್ಟಾಗ. ಕಾರ್ಯವು ಯಾವುದನ್ನು ಹಿಂಬಾಲಿಸುತ್ತದೋ ಅದೇ ಕಾರಣವೆಂಬುದು ಅನ್ವಯ-ವ್ಯತಿರೇಕ ನ್ಯಾಯ. ಅದರಂತೆ ಅ ಕಾದದ್ದು ‘ಆ’ ಥ್ರೆಡ್‌ನ ಔದಾರ್ಯಕ್ಕಾಗಿ. ಸಿಗ್ನಲ್ ಕೇವಲ ನೆಪ. ಅಧಿಕಾರಿಯು ಮೂರನೆಯ ಸಲ ಹಲ್ಲು ಕಚ್ಚಿ ಒತ್ತಿದಾಗ ನಡೆಯುತ್ತಿದ್ದದ್ದೂ ಇದೇ ಇರಬಹುದು.

ಮೂರನೆಯವನು ದ್ವೈತಿ, ಮತ್ತು ಇವನು ಸುಮ್ಮನೆ ಬಂದವನಲ್ಲ. ನಿಮ್ಮ ಮತ ಬಡವರ ಮತ. ಕರ್ನಲ್‌ಗೆ ಪ್ರತಿ ಥ್ರೆಡ್ಡೂ ಗೊತ್ತಿರುವ ಕಡೆ ಕಾಯುವಿಕೆ ಸತ್ಯವೇ ಎನ್ನುತ್ತಾನೆ. ಇವನ ವಂಶಾವಳಿಯನ್ನು ನೋಡೋಣ. 1996ರಲ್ಲಿ ಕ್ಸೇವಿಯರ್ ಲೆರಾಯ್ ಬರೆದ ಲಿನಕ್ಸ್‌ಥ್ರೆಡ್ಸ್, ಒಂದು ಥ್ರೆಡ್‌ಗೆ ಒಂದು ಕರ್ನಲ್ ಪ್ರೊಸೆಸ್ ಎಂದು ಹಂಚಿಕೊಟ್ಟಿತು. ಒಂದೇ ಪ್ರೋಗ್ರಾಮಿನ ಥ್ರೆಡ್‌ಗಳು ತಮ್ಮ ಪ್ರೊಸೆಸ್ ಸಂಖ್ಯೆ ಕೇಳಿದರೆ ಒಬ್ಬೊಬ್ಬರಿಗೂ ಒಂದೊಂದು ಉತ್ತರ ಸಿಗುತ್ತಿತ್ತು. ಅಲ್ಲಿ ಲಾಕ್‌ಗಾಗಿ ಕಾಯುವ ಥ್ರೆಡ್ ಕೂಡ ಒಳಗೊಳಗೇ ಸಿಗ್‌ಸಸ್ಪೆಂಡ್‌ನಲ್ಲಿ ಮಲಗಿ, ಸರದಿ ಬಂದಾಗ ಇನ್ನೊಂದು ಥ್ರೆಡ್ ಕಳಿಸುವ ಸಿಗ್ನಲ್‌ನಿಂದ ಏಳುತ್ತಿತ್ತು. ಹಾಗೆ ಎಬ್ಬಿಸಲು, ರಿಯಲ್-ಟೈಮ್ ಸಿಗ್ನಲ್‌ಗಳಿಲ್ಲದ ಹಳೆಯ ಕರ್ನಲ್‌ಗಳಲ್ಲಿ, ಬಳಕೆದಾರರಿಗೆಂದೇ ಮೀಸಲಿಟ್ಟಿದ್ದ ಸಿಗ್‌ಯೂಸರ್1, ಸಿಗ್‌ಯೂಸರ್2 ಎರಡನ್ನೂ ಲೈಬ್ರರಿಯೇ ಇಟ್ಟುಕೊಂಡಿತು. ಎಲ್ಲ ಕಾಯುವಿಕೆಯೂ ಸಿಗ್ನಲ್ ಕಾಯುವಿಕೆಯೇ ಆಗಿದ್ದ ಸಾಮ್ರಾಜ್ಯದಲ್ಲಿ ಬಳಕೆದಾರನು ತನ್ನ ಹೆಸರಿನ ಸಿಗ್ನಲ್‌ಗಾಗಿ ಕಾಯುವಂತಿರಲಿಲ್ಲ! 2003ರಲ್ಲಿ ಉಲ್ರಿಚ್ ಡ್ರೆಪರ್ ಮತ್ತು ಇಂಗೊ ಮೊಲ್ನಾರ್ ಅವರ ಎನ್‌ಪಿಟಿಎಲ್ ಬಂದು ಈ ಗೋಜಲನ್ನು ಬಿಡಿಸಿತು. ಪಿಟಿಎಚ್‌ನ ಬುನಾದಿಯ ಮೇಲೆಯೇ ಐಬಿಎಂ ಕಟ್ಟುತ್ತಿದ್ದ ಎನ್‌ಜಿಪಿಟಿ ಅದೇ ವರ್ಷ ಕೈಬಿಡಲ್ಪಟ್ಟಿತು.

ಹಾಗಾದರೆ ಎನ್‌ಪಿಟಿಎಲ್ ಥ್ರೆಡ್ ಸಿಗ್‌ವೇಟ್ ಕರೆದಾಗ ಕಾಯುತ್ತದೆಯೇ? ಲಿನಕ್ಸ್ ಕರ್ನಲ್‌ನ ಒಳಗೆ ಇಣುಕಿದರೆ ಕಾಣುವುದಿಷ್ಟು. ಕರ್ನಲ್ ಮೊದಲು ಬಾಕಿ ಸಿಗ್ನಲ್‌ಗಳಲ್ಲಿ ಬೇಕಾದದ್ದಿದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ಆ ಥ್ರೆಡ್‌ನ ಮಾಸ್ಕನ್ನು ಪಕ್ಕಕ್ಕೆ ಎತ್ತಿಟ್ಟು, ಕೇಳಿದ ಸಿಗ್ನಲ್‌ಗಳ ತಡೆಯನ್ನು ತಾತ್ಕಾಲಿಕವಾಗಿ ಸಡಿಲಿಸಿ, ಥ್ರೆಡ್‌ನ ಸ್ಥಿತಿಯನ್ನು ನಿದ್ರೆ ಎಂದು ಬರೆದು, ಓಡುವವರ ಸಾಲಿನಿಂದ ಹೊರಗಿಡುತ್ತದೆ. ಸಿಗ್ನಲ್ ಬಂದಾಗ ಸ್ಥಿತಿಯನ್ನು ತಿದ್ದಿ, ಸಾಲಿಗೆ ಸೇರಿಸಿ, ಮಾಸ್ಕನ್ನು ಸ್ವಸ್ಥಾನಕ್ಕೆ ತಂದು, ಸಂಖ್ಯೆಯನ್ನು ಕೈಗಿಡುತ್ತದೆ. ಬಾಕಿ ನೋಡುವುದು, ತಡೆ ಸಡಿಲಿಸುವುದು, ನಮೂದು ಮಾಡುವುದು, ಮತ್ತೆ ಮೊದಲಿನಂತೆ ಜೋಡಿಸುವುದು: ಪಿಟಿಎಚ್‌ನ ಕರ್ಮಕಾಂಡ ಮಂತ್ರ ಸಮೇತ ಇಲ್ಲಿಗೆ ವರ್ಗವಾಗಿದೆ. ಕಡತ ತಾಲ್ಲೂಕು ಕಚೇರಿಯಿಂದ ವಿಧಾನಸೌಧಕ್ಕೆ ಹೋದ ಮಾತ್ರಕ್ಕೆ ಅರ್ಜಿದಾರ ವಿಧಾನಸೌಧದಲ್ಲಿ ನಿಂತಿದ್ದಾನೆಂದು ಅರ್ಥವಲ್ಲ. ದ್ವೈತಿಯ ಲೋಕದಲ್ಲಿ ಮಿಕ್ಕ ಥ್ರೆಡ್‌ಗಳು ಮುಳುಗುವುದಿಲ್ಲ ಎಂಬ ಲಾಭವನ್ನು ನಾವು ಮನಸಾರೆ ಒಪ್ಪುತ್ತೇವೆ. ಅಲ್ಲಿ ಯಾರೋ ಕಾಯುತ್ತಿದ್ದಾರೆ ಎಂಬುದನ್ನು ಒಪ್ಪುವುದಿಲ್ಲ.

ವಿಶಿಷ್ಟಾದ್ವೈತಿಯ ಪ್ರಸಂಗ ಮೂರರಲ್ಲೂ ರಸವತ್ತಾದದ್ದು. ಹಳೆಯ ಸೊಲಾರಿಸ್‌ನಲ್ಲಿ ಬಹಳ ಥ್ರೆಡ್‌ಗಳು ಕೆಲವೇ ಎಲ್‌ಡಬ್ಲ್ಯೂಪಿ ಎಂಬ ಕರ್ನಲ್ ಘಟಕಗಳ ಮೇಲೆ ಸವಾರಿ ಮಾಡುತ್ತಿದ್ದವು. ಆ ಘಟಕಗಳೆಲ್ಲವೂ ಏನಾದರೊಂದಕ್ಕಾಗಿ ಕರ್ನಲ್ ಒಳಗೆ ಸಿಕ್ಕಿಕೊಂಡರೆ, ಓಡಲು ಸಿದ್ಧವಿರುವ ಥ್ರೆಡ್‌ಗಳಿದ್ದೂ ಹತ್ತಲು ವಾಹನವಿಲ್ಲದೆ ನಿಲ್ಲಬೇಕಾಗುತ್ತಿತ್ತು. ಪರಿಹಾರವಾಗಿ ಕರ್ನಲ್ ಆಗ ಪ್ರೊಸೆಸ್‌ಗೆ ಒಂದು ವಿಶೇಷ ಸಿಗ್ನಲ್ ಕಳಿಸುತ್ತಿತ್ತು. ಅದನ್ನು ಕಂಡು ಲೈಬ್ರರಿ ಇನ್ನೊಂದು ಎಲ್‌ಡಬ್ಲ್ಯೂಪಿ ಹುಟ್ಟಿಸುತ್ತಿತ್ತು. ಆ ಸಿಗ್ನಲ್‌ನ ಹೆಸರು ಸಿಗ್‌ವೇಟಿಂಗ್, ಸಂಖ್ಯೆ 32. ಎಲ್ಲರೂ ಕಾಯುತ್ತಿದ್ದೀರಿ ಎಂಬ ಸಂಗತಿಯನ್ನು ಕಾಯುತ್ತಿರುವವರಿಗೇ ಸಿಗ್ನಲ್ ಮೂಲಕ ತಿಳಿಸಬೇಕಾಗಿ ಬಂದದ್ದು ನಮ್ಮ ಸಿದ್ಧಾಂತಕ್ಕೆ ಎದುರಾಳಿಯೇ ಬರೆದುಕೊಟ್ಟ ತಪ್ಪೊಪ್ಪಿಗೆ. ನಿಜವಾಗಿ ಕಾಯುತ್ತಿರುವವನಿಗೆ ಅದನ್ನು ಬೇರೆಯವರು ಹೇಳಬೇಕೇ? 2002ರ ಸೊಲಾರಿಸ್ 9 ದ್ವೈತಕ್ಕೆ ಮತಾಂತರವಾಯಿತು; ಮುಂದೆ ಆ 32 ಮತ್ತು ಅದರ ಒಡನಾಡಿ 33, ಹೆಡರ್ ಕಡತದಲ್ಲಿ, ಥ್ರೆಡ್‌ಗಳು ಈಗ ಬಳಸದ ಕಾಯ್ದಿರಿಸಿದ ಸಿಗ್ನಲ್‌ಗಳೆಂಬ ಷರಾ ಹೊತ್ತು ಉಳಿದುಕೊಂಡವು. ಇದೇ ಮತದ ಸುಧಾರಿತ ರೂಪವನ್ನು ವಾಷಿಂಗ್ಟನ್ ವಿಶ್ವವಿದ್ಯಾಲಯದ ಆ್ಯಂಡರ್ಸನ್ ಮತ್ತು ಸಂಗಡಿಗರು 1991ರಲ್ಲೇ ಷೆಡ್ಯೂಲರ್ ಆ್ಯಕ್ಟಿವೇಷನ್ಸ್ ಎಂಬ ಹೆಸರಿನಲ್ಲಿ ಪ್ರತಿಪಾದಿಸಿದ್ದರು. ಅದನ್ನು ನೆಚ್ಚಿದ ಫ್ರೀಬಿಎಸ್‌ಡಿ 2008ರ ಹೊತ್ತಿಗೆ, ನೆಟ್‌ಬಿಎಸ್‌ಡಿ 2009ರ ಹೊತ್ತಿಗೆ ದ್ವೈತದ ಕಡೆ ಹೊರಳಿದವು. ಅತ್ತ ಲಿನಕ್ಸ್‌ನ ಜಿಲಿಬ್‌ಸಿಯೂ 32 ಮತ್ತು 33ನ್ನು ಥ್ರೆಡ್ ಲೈಬ್ರರಿಯ ಸ್ವಂತ ಕೆಲಸಕ್ಕೆ ಇಟ್ಟುಕೊಂಡು, ಪ್ರಜೆಗಳಿಗೆ ರಿಯಲ್-ಟೈಮ್ ಸಿಗ್ನಲ್‌ಗಳನ್ನು 34ರಿಂದ ಎಣಿಸಿಕೊಡುತ್ತದೆ. ಎರಡು ಊರಿನವರು ಮಾತಾಡಿಕೊಳ್ಳದೆ ಅವೇ ಎರಡು ಸಂಖ್ಯೆಗಳನ್ನು ಬಾಚಿಕೊಂಡದ್ದರಲ್ಲಿ ಗೂಢಾರ್ಥ ಹುಡುಕಬಹುದು. ಕಾಕತಾಳೀಯ ನ್ಯಾಯದಿಂದ ಆ ಆಸೆಯನ್ನು ಅದುಮಿಕೊಂಡಿದ್ದೇವೆ.

ಕೊನೆಯ ಆಕ್ಷೇಪಕನು ನವ್ಯ. ಗೋ ಭಾಷೆಯ ಗೊರೂಟೀನ್‌ಗಳೂ ಬಳಕೆದಾರ ಮಟ್ಟದವೇ, ಅಲ್ಲಿ ಸಿಗ್ನಲ್ ಚಾನೆಲ್ ಮೂಲಕ ಬರುತ್ತದೆ, ಈ ಮಡಿಮೈಲಿಗೆಯೆಲ್ಲ ಹಳೆಯ ಕತೆ ಎನ್ನುತ್ತಾನೆ. ಆ ಚಾನೆಲ್‌ನ ವಿಧಿಯನ್ನು ಓದಿದರೆ ಸಾಕು: ಕಳಿಸುವ ಕಡೆ ಕಾಯುವುದಿಲ್ಲ, ಚಾನೆಲ್‌ನಲ್ಲಿ ಜಾಗವಿಲ್ಲದಿದ್ದರೆ ಸಿಗ್ನಲ್ ಬಿದ್ದುಹೋಗುತ್ತದೆ, ಆದ್ದರಿಂದ ತಕ್ಕಷ್ಟು ಜಾಗ ಇಟ್ಟುಕೊಳ್ಳುವ ಹೊಣೆ ನಿಮ್ಮದು. ಇತ್ತ ಕಾಯುವವನಿಲ್ಲ ಎಂದು ನಾವು ಇಷ್ಟು ಹೊತ್ತೂ ಸಾಧಿಸುತ್ತಿದ್ದರೆ, ಗೋ ಅತ್ತ ಕಡೆಯಲ್ಲೂ ಇಲ್ಲವೆಂದು ಸಾರಿದೆ. ಎರಡನೆಯ ಆಕ್ಷೇಪದಲ್ಲಿ ಕಂಡ, ಲೆಕ್ಕ ಹಾಕುತ್ತಾ ಕೂತ ಥ್ರೆಡ್‌ನ ಕಾಟ ಗೋಗೂ ಇತ್ತು. 2020ರ 1.14ನೇ ಆವೃತ್ತಿಯಲ್ಲಿ ಅದಕ್ಕೆ ಸಿಕ್ಕ ಮದ್ದು, ಹಾಗೆ ಕೂತವನನ್ನು ಎಬ್ಬಿಸಲು ಅವನಿಗೇ ಒಂದು ಸಿಗ್ನಲ್ ಕಳಿಸುವುದು. ಅದಕ್ಕಾಗಿ ಆರಿಸಿಕೊಂಡದ್ದು ಸಿಗ್‌ಅರ್ಜ್, ಎಂದರೆ ನೆಟ್‌ವರ್ಕಿನಲ್ಲಿ ತುರ್ತು ಸುದ್ದಿ ಬಂದಿದೆಯೆಂದು ತಿಳಿಸಲು ಇಟ್ಟದ್ದು. ಆಯ್ಕೆಗೆ ಕಾರಣ, ಅದನ್ನು ಬಳಸುವವರು ತೀರ ವಿರಳ ಮತ್ತು ಸುಮ್ಮಸುಮ್ಮನೆ ಬಂದರೂ ಯಾರಿಗೂ ತೊಂದರೆಯಿಲ್ಲ ಎಂಬುದು. ಅತಿ ತುರ್ತಿನ ಸಿಗ್ನಲ್‌ಗಾಗಿ ಯಾರೂ ಕಾಯುತ್ತಿಲ್ಲ ಎಂಬುದರ ಮೇಲೆಯೇ ಒಂದು ಭಾಷೆಯ ಷೆಡ್ಯೂಲರ್ ಭದ್ರವಾಗಿ ನಿಂತಿರುವಾಗ ನಾವು ಬೇರೆ ಸಾಕ್ಷಿ ಕರೆಯಬೇಕಾಗಿಲ್ಲ.

ಇಷ್ಟಾದ ಮೇಲೂ ಒಂದು ಅನವಸ್ಥಾ ದೋಷವನ್ನು ಯಾರಾದರೂ ಹೊರಿಸಬಹುದು. ಥ್ರೆಡ್ ಪರವಾಗಿ ಷೆಡ್ಯೂಲರ್, ಷೆಡ್ಯೂಲರ್ ಪರವಾಗಿ ಕರ್ನಲ್ ಎಂದು ಮೇಲಮೇಲಕ್ಕೆ ದಾಟಿಸುತ್ತಾ ಹೋದರೆ, ಎಲ್ಲೋ ಒಂದು ಕಡೆ ಯಾರಾದರೂ ಕಾಯಲೇಬೇಕಲ್ಲ ಎಂಬುದು ಆ ಆರೋಪ. ಮೇಲಕ್ಕೆ ಹೋಗಿಯೇ ನೋಡೋಣ. ಕರ್ನಲ್‌ಗೆ ಓಡಿಸಲು ಯಾರೂ ಇಲ್ಲದಾಗ ಅದು ನಿರುದ್ಯೋಗಿ ಕೆಲಸವೊಂದನ್ನು ಓಡಿಸುತ್ತದೆ. ಆ ಕೆಲಸ ಇಂಟೆಲ್ ವಂಶದ ಪ್ರೊಸೆಸ್ಸರ್‌ಗಳಲ್ಲಿ ಎಚ್‌ಎಲ್‌ಟಿ ಎಂಬ ಆದೇಶ ಕೊಡಬಲ್ಲದು. ಆ ಆದೇಶ ಸಿಕ್ಕಿದ ಪ್ರೊಸೆಸ್ಸರ್ ಹಾರ್ಡ್‌ವೇರ್ ಇಂಟರಪ್ಟ್ ಬರುವತನಕ ಆದೇಶಗಳನ್ನು ನಡೆಸುವುದನ್ನೇ ನಿಲ್ಲಿಸುತ್ತದೆ. ಕಾಯುವವನು ಎಚ್ಚರವಾಗಿದ್ದು ಕಾಯಬೇಕು. ಇಲ್ಲಿ ಎಚ್ಚರವಿರಬೇಕಾದದ್ದೇ ನಿಂತುಹೋಗಿದೆ. ಲಕ್ಷ್ಮಣನೂ ಮಲಗಿದ್ದಾನೆ. ಏಣಿಯ ತುದಿ ಮುಟ್ಟಿದರೂ ಕಾಯುವವನು ಸಿಗದ ಕಾರಣ ಸರಣಿ ಅಲ್ಲಿಗೇ ನಿಂತಿತು, ದೋಷ ಪರಿಹಾರವಾಯಿತು.

ಸಿದ್ಧಾಂತದಿಂದ ವ್ಯವಹಾರಕ್ಕೆ ಹರಿಯುವ ವಿಧಿಗಳು ಕೆಲವೇ. ಥ್ರೆಡ್‌ಗಳನ್ನು ಹುಟ್ಟಿಸುವ ಮುನ್ನವೇ ಮುಖ್ಯ ಥ್ರೆಡ್‌ನಲ್ಲಿ ಸಿಗ್ನಲ್‌ಗಳನ್ನು ತಡೆಹಿಡಿಯಬೇಕು, ಹುಟ್ಟುವವರು ಆ ಮಾಸ್ಕನ್ನು ಹೊತ್ತೇ ಹುಟ್ಟಲಿ. ಕಾಯುತ್ತಿರುವ ಹೆಸರನ್ನು ಒಂದೇ ಥ್ರೆಡ್‌ಗೆ ಬಿಟ್ಟುಕೊಡಬೇಕು, ಇಬ್ಬರಿಗೆ ಹಂಚಿದರೆ ಯಾರಿಗೆ ಸಿಕ್ಕಿತೆಂಬುದನ್ನು ಯಾವ ದೇವರೂ ಹೇಳಲಾರ. ಸಿಗ್ನಲ್ ಎಷ್ಟು ಸಲ ಬಂತೆಂದು ಲೆಕ್ಕ ಇಡಬಾರದು, ಬಂದಿದೆಯೆಂದಷ್ಟೇ ನಂಬಬೇಕು. ಸಹಕಾರ ಪದ್ಧತಿಯ ಲೈಬ್ರರಿಯಲ್ಲಿ ದೀರ್ಘ ಲೆಕ್ಕ ಹಾಕುವವನು ಆಗಾಗ ಎದ್ದು ಜಾಗ ಬಿಡಬೇಕು. ಈ ವಿಧಿಗಳನ್ನು ಪಾಲಿಸಿದ ಪ್ರೋಗ್ರಾಮಿನಲ್ಲಿ ಕಾಯುವಿಕೆ ಎಷ್ಟು ಸೊಗಸಾಗಿ ನಡೆಯುತ್ತದೆಂದರೆ, ಅದು ನಡೆಯುತ್ತಿಲ್ಲವೆಂಬ ಅನುಮಾನ ಯಾರಿಗೂ ಬರುವುದಿಲ್ಲ.

ಅಪವಾದವಿಲ್ಲದ ಉತ್ಸರ್ಗವಿಲ್ಲ ಎನ್ನುವವರಿಗಾಗಿ ಒಂದು ಅಪವಾದವನ್ನೂ ಕೊಟ್ಟುಬಿಡುತ್ತೇವೆ. ಸಿಗ್‌ವೇಟ್‌ಗೆ ಒಪ್ಪಿಸುವ ಗಣದಲ್ಲಿ 9ನೇ ಸಂಖ್ಯೆಯನ್ನೂ ಸೇರಿಸಬಹುದು. ಲಿನಕ್ಸ್ ಬೈಯುವುದಿಲ್ಲ, ತಕರಾರು ತೆಗೆಯುವುದಿಲ್ಲ, ಸದ್ದಿಲ್ಲದೆ ಅದನ್ನು ಗಣದಿಂದ ಕೈಬಿಡುತ್ತದೆ. ಆ ಸಿಗ್ನಲ್‌ಗೆ ತಡೆಯಿಲ್ಲ, ಹ್ಯಾಂಡ್ಲರ್ ಇಲ್ಲ, ಪೈಪಿಗೆ ಬೈಟ್ ಬರೆಯಲು ಪುರುಸೊತ್ತಿಲ್ಲ. ಅದಕ್ಕಾಗಿ ಕಾಯುತ್ತಿದ್ದೇನೆಂದು ಸುಳ್ಳು ನಮೂದು ಮಾಡಿಸಲೂ ದಾರಿಯಿಲ್ಲ. ಮಿಕ್ಕೆಲ್ಲ ಸಿಗ್ನಲ್‌ಗಳ ವಿಷಯದಲ್ಲಿ ಥ್ರೆಡ್ ಕಾಯುತ್ತಿಲ್ಲ ಎಂಬುದನ್ನು ಸಾಧಿಸಲು ನಮಗೆ ಇಷ್ಟು ಪುಟಗಳು ಬೇಕಾದವು. 9ರ ವಿಷಯದಲ್ಲಿ ಅದನ್ನು ಕರ್ನಲ್ಲೇ ಅರೆಕ್ಷಣದಲ್ಲಿ ಸಾಧಿಸಿ ತೋರಿಸುತ್ತದೆ, ಮತ್ತು ಆಮೇಲೆ ಆಕ್ಷೇಪ ಎತ್ತಲು ಯಾವ ಥ್ರೆಡ್ಡೂ ಉಳಿದಿರುವುದಿಲ್ಲ.